ಬ್ಯಾಟರಿ ಕೋಣೆ

ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಗಿಲಕಿಗೆ,

ಅಕ್ಕನ ಆಶೀರ್ವಾದ. ಎರಡು ಬೀದಿ ಆಚೆ ಇರುವವಳಿಗೆ ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ನೀನೊಬ್ಬಳೇ ಮಾತಾಡುತ್ತೀಯ, ನನ್ನ ಸರದಿ ಬರುವಷ್ಟರಲ್ಲಿ ನನ್ನ ಧೈರ್ಯ ಉಡುಗಿರುತ್ತದೆ. ಇದನ್ನೂ ಮೂರು ಸಲ ಬರೆದು ಹರಿದೆ. ನಡುವೆ ಒಲೆ ಆರಿಸಿದ್ದೇನಾ ಅಂತ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಒಲೆ ಹಚ್ಚಿಯೇ ಇರಲಿಲ್ಲ.

ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡವನ್ನು ನಿನ್ನ ಡೇಕೇರಿಗೆ ಕೊಡಬಾರದು ಎನ್ನುತ್ತಿರುವ ಪಾರಂಪರಿಕ ಸಮಿತಿಗೆ ಇರುವುದು ಒಂದೇ ಆಧಾರ. ದಾಖಲೆಯ ನಕ್ಷೆಯಲ್ಲಿ ಹಿಂದಿನ ಕೋಣೆಗೆ ‘ಬ್ಯಾಟರಿ ಕೋಣೆ’ ಎಂದಿದೆ. ಆಸಿಡ್ ಇಟ್ಟಿದ್ದ ಜಾಗ, ಮಕ್ಕಳಿಗೂ ಆ ಕಟ್ಟಡಕ್ಕೂ ಎಂದೂ ಸಂಬಂಧವಿರಲಿಲ್ಲ ಎಂಬುದು ಅವರ ವಾದ. ಗುರುವಾರ ಕೊನೆಯ ವಿಚಾರಣೆ. ಅಲ್ಲಿ ಸೋತರೆ ತಿಂಗಳ ಕೊನೆಗೆ ಡೇಕೇರು ಈಗ ನಡೆಯುತ್ತಿರುವ ನಿನ್ನ ಶೆಡ್ಡು ಕೆಡವುತ್ತಾರೆ, ಇಪ್ಪತ್ತೆರಡು ಮಕ್ಕಳಿಗೆ ಸೂರಿಲ್ಲ. ಹೋದ ವಾರ ನೀನು, ಹಾಗೆ ಬರೆದ ಪುಣ್ಯಾತ್ಮ ಯಾರು ಅಂತ ಕೇಳಿದೆ. ನಾನು ಫೈಲು ಹಳೇದು, ಸಹಿ ಓದೋಕಾಗಲ್ಲ ಅಂದೆ.

ಸಹಿ ಚೆನ್ನಾಗಿಯೇ ಓದಬಹುದು. ಅದು ನನ್ನದು.

ಹದಿನೆಂಟು ವರ್ಷದ ಹಿಂದೆ ನಮ್ಮ ಇಲಾಖೆಯ ಪರವಾಗಿ ಆ ಕಟ್ಟಡವನ್ನು ಅಳೆದು ನಕ್ಷೆ ಬರೆದವಳು ನಾನೇ. ನಿಜವಾದ ಬ್ಯಾಟರಿಗಳಿದ್ದದ್ದು ಹಿತ್ತಲಿನ ಕಲ್ಲಿನ ಕೊಠಡಿಯಲ್ಲಿ. ಹಿಂದಿನ ಕೋಣೆಯಲ್ಲಿದ್ದವರು ನಾವು. ಅಮ್ಮನೂ ಅವಳ ಜೊತೆಯ ಆಪರೇಟರುಗಳೂ ಮಕ್ಕಳನ್ನು ಕೆಲಸಕ್ಕೆ ತರುವಂತಿರಲಿಲ್ಲ, ಮನೆಯಲ್ಲಿ ಬಿಡಲು ಜನವೂ ಇರಲಿಲ್ಲ. ಅದಕ್ಕೇ ವೈರಿನ ಸುರುಳಿಗಳ ನಡುವೆ ನಮ್ಮನ್ನು ಬಚ್ಚಿಡುತ್ತಿದ್ದರು. ಮೇಲ್ವಿಚಾರಕಿ ಬೆನ್ನ ಹಿಂದೆ ನಿಂತಿದ್ದರೂ ಹೆಡ್‌ಫೋನು ತಲೆಗೇರಿಸಿಕೊಂಡೇ, ಬ್ಯಾಟರಿ ಚಾರ್ಜ್ ಆಯ್ತಾ, ಬ್ಯಾಟರಿ ಸೋರ್ತಿದೆಯಾ ಅಂತ ನಮ್ಮ ಹಾಲು, ಒದ್ದೆಬಟ್ಟೆಗಳ ವಿಷಯ ಗುಟ್ಟಾಗಿ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅತಿ ಹೆಚ್ಚು ಸೋರುತ್ತಿದ್ದ ಬ್ಯಾಟರಿ ನೀನು, ಹಾಲುಗಲ್ಲದ ಕೂಸು. ಏಳು ವರ್ಷದ ನಾನು ಕಾವಲು. ನಕ್ಷೆ ಬರೆಯುವಾಗ ಬಾಯಿಗೆ ರೂಢಿಯಾದ ಹೆಸರೇ ಕೈಗೂ ಬಂದುಬಿಟ್ಟಿತು.

ಇಷ್ಟು ದಿನ ಇದು ಬಾಯಲ್ಲಿ ಬಿಸಿತುಪ್ಪವಾಗಿತ್ತು. ಸರಿಪಡಿಸಲು ನನ್ನ ನಕ್ಷೆ ತಪ್ಪು ಅಂತ ನಾನೇ ಬರೆದುಕೊಡಬೇಕು. ನಿವೃತ್ತಿಗೆ ನಾಲ್ಕು ತಿಂಗಳಿದೆ. ನಮ್ಮ ಸಾಹೇಬರು, ವಿಚಾರಣೆ ನಿಮ್ಮ ಮೇಲೇ ತಿರುಗುತ್ತೆ, ಯೋಚನೆ ಮಾಡಿ ಅಂದರು. ಯೋಚನೆ ಮಾಡಿ ಮಾಡಿ ಟೇಬಲ್ಲಿನ ಪೆನ್ಸಿಲುಗಳನ್ನೆಲ್ಲ ಮೊಂಡು ಮಾಡಿದ್ದೇನೆ.

ಭಾನುವಾರ ನೀನಿಲ್ಲದಾಗ ನಿಮ್ಮ ಮನೆಗೆ ಬಂದು ಅಮ್ಮನನ್ನು ಕೇಳಿದೆ. ಗೋಡೆಯ ಮೇಲಿನ ತನ್ನ ಉತ್ತಮ ಸೇವೆಯ ಪ್ರಮಾಣಪತ್ರ ನೋಡುತ್ತಾ ಕೂತಳು. ಸತ್ತುಹೋದ ಗೆಳತಿಯರ ಮಾನ ಯಾಕೆ ಬೀದಿಗೆ ತರ್ತೀಯ ಅಂದಳು. ನಾನು ಚಪ್ಪಲಿ ಹಾಕುವ ಹೊತ್ತಿಗೆ, ಆ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಗೀಟುಗಳು ಇನ್ನೂ ಇವೆಯಾ ಅಂತ ಕೇಳಿದಳು. ನಿನ್ನೆ ಹೋಗಿ ನೋಡಿದೆ. ಮಕ್ಕಳ ಎತ್ತರಕ್ಕೆ ಅಮ್ಮಂದಿರು ಮೊಳೆಯಲ್ಲಿ ಕೊರೆದ ಗೀಟುಗಳು, ಬಣ್ಣದ ಅಡಿಯಲ್ಲಿ ಬೆರಳಿಗೆ ಸಿಗುತ್ತವೆ. ಹನ್ನೊಂದು ಮಕ್ಕಳು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಹಾಗಾದರೆ ಗುರುವಾರ ನನ್ನನ್ನೂ ಕರ್ಕೊಂಡು ಹೋಗು, ಆದರೆ ಕುರ್ಚಿ ಕೊಡಬೇಕು ಅಂದಳು.

ನನ್ನ ಹೇಳಿಕೆ ಈಗ ಚೀಲದಲ್ಲಿದೆ, ಹತ್ತು ಗಂಟೆಗೆ ಕೊಡುತ್ತೇನೆ. ಸಮಿತಿ ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಬೇಕಾದಷ್ಟು ಬೈಯಿ, ಗುರುವಾರದ ತನಕ ಮಾತ್ರ ತಡೆದುಕೋ.

ನಿನ್ನ,
ಅಕ್ಕ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ರೂಢಿಯಿಂದ ಹಾಗೆ ಬರೆದೆ ಅಂದದ್ದು ಸುಳ್ಳು. ಒಂದು ದಿನ ನೀನು ಅಳುವಾಗ ಮೇಲ್ವಿಚಾರಕಿ ಬಾಗಿಲ ಹೊರಗೇ ನಿಂತಿದ್ದಳು. ನಿನ್ನ ಬಾಯಿ, ಮೂಗು ಎರಡನ್ನೂ ಒತ್ತಿ ಹಿಡಿದೆ. ಅವಳು ಹೋದ ಮೇಲೆ ಕೈ ತೆಗೆದರೆ ನೀನು ಅಳಲಿಲ್ಲ, ಅಲುಗಲೂ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ನೀನು ಕಟ್ಟಡವೇ ಹಾರುವ ಹಾಗೆ ಕಿರುಚಿಕೊಂಡೆ. ಅವತ್ತೇ ನಿನಗೆ ಗಿಲಕಿ ಅಂತ ಹೆಸರಿಟ್ಟೆ. ಇದು ಅಮ್ಮನಿಗೂ ಗೊತ್ತಿಲ್ಲ. ಆ ಕೋಣೆಗೆ ಇನ್ನೆಂದೂ ಮಗು ಬರಬಾರದು ಅಂತ ಬೇಕೆಂದೇ ಹಾಗೆ ಬರೆದೆ. ಗೆದ್ದರೆ ಒಂದೇ ಮಾತು ನಡೆಸಿಕೊಡು: ಆ ಕೋಣೆಯಲ್ಲಿ ಯಾವ ಮಗುವಿಗೂ ಸುಮ್ಮನಿರು ಅನ್ನಬೇಡ.