ಇವರ ಮೂಳೆ ಇವರಿಗೇ

ಬ್ಯಾಡರಹಳ್ಳಿ, ಬೆಂಗಳೂರು
9 ಮಾರ್ಚ್ 2006

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಭುವನೇಶ್ವರಿಯ ಶರಣು.

ನಿಮ್ಮ ಸೊಂಟದ ನೋವು ಹೇಗಿದೆ? ಗೋಡೆ ಹಿಡಿದು ಹಿತ್ತಲವರೆಗೂ ನಡೆಯುತ್ತೀರೆಂದು ದೇವೇಂದ್ರಪ್ಪ ಭಾವ ಫೋನಿನಲ್ಲಿ ಹೇಳಿದರು. ಕೇಳಿ ಸಮಾಧಾನವಾಯಿತು. ಆದರೂ ಒಬ್ಬರೇ ನೀರು ಸೇದಲು ಹೋಗಬೇಡಿ. ನಿಮ್ಮ ಹಟ ನನಗೆ ಗೊತ್ತು, ನಿಮ್ಮ ಮಗನಿಗೂ ಅದೇ ಬಂದಿದೆ.

ಇವರ ತಲೆಯ ಆಪರೇಷನ್ ಮುಗಿಯಿತು. ಬೇರೆ ಯಾರದೋ ಮೂಳೆ ಕೂರಿಸಿಬಿಟ್ಟರೆ ಏನು ಗತಿ ಎಂದು ನೀವು ಕೊರಗುತ್ತಿದ್ದೀರಂತೆ. ಹಾಗಾಗಿಲ್ಲ ಅತ್ತೆ. ಕಾರ್ತೀಕದಲ್ಲಿ ಇವರು ಹಿಟ್ಟಿನ ಗಿರಣಿ ಮುಚ್ಚಿ ಬರುವಾಗ ಮಾಗಡಿ ರಸ್ತೆಯ ಹಂಪ್ ಮೇಲೆ ಬೈಕು ಹಾರಿ ಬಿದ್ದರಲ್ಲ, ಆವತ್ತು ಮಿದುಳು ಬಾತುಕೊಂಡು ತಲೆಯೊಳಗೆ ಜಾಗವೇ ಇರಲಿಲ್ಲ. ಎಡಗಡೆ ಅಂಗೈಯಗಲದ ಮೂಳೆ ತೆಗೆಯದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಭಾವ ಊರಿಂದ ಬರುವಷ್ಟು ಹೊತ್ತಿರಲಿಲ್ಲ, ನಾನೇ ಒಪ್ಪಿದೆ. ತೆಗೆದದ್ದನ್ನು ಎಲ್ಲಿ ಬಿಸಾಕುತ್ತಾರೋ ಎಂದು ಅಳುತ್ತಿದ್ದಾಗ ಅನಂತಲಕ್ಷ್ಮಿ ಎಂಬ ನರ್ಸಮ್ಮ ಪಕ್ಕದಲ್ಲಿ ಕೂತರು. "ಎಸೆಯಲ್ಲ ಕಣಮ್ಮ. ತೊಳೆದು, ಸುತ್ತಿ, ಹೆಸರು ಬರೆದು ಫ್ರೀಜರ್‌ನಲ್ಲಿ ಇಡ್ತೀವಿ. ಊತ ಇಳಿದ ಮೇಲೆ ಅದನ್ನೇ ವಾಪಸ್ ಕೂರಿಸ್ತಾರೆ" ಎಂದರು.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೋ. ತಲೆ ಒಂದು ಕಡೆ ಗುಳಿಬಿದ್ದು, ಚರ್ಮದ ಕೆಳಗೆ ಮಿಡಿಯುವುದು ಕಾಣುತ್ತಿತ್ತು. ಆ ಮಗ್ಗುಲಿಗೆ ಹೊರಳದಿರಲೆಂದು ಅಲ್ಲಿ ನಾನು ಒತ್ತಿಕೊಂಡು ಮಲಗುತ್ತಿದ್ದೆ. ನೋಡಲು ಬಂದವರು ಹೆದರಿ ಬೇಗ ಎದ್ದುಹೋಗುತ್ತಿದ್ದರು. ಇವರಿಗೆ ಮಾತಿಲ್ಲ, ಬರೀ ನೋಟ. ನಮ್ಮ ಬೀದಿಯಲ್ಲಿ ಕರೆಂಟು ಹೋದಾಗಲೆಲ್ಲ ನನ್ನ ಜೀವ ಆಸ್ಪತ್ರೆಯ ಫ್ರೀಜರ್ ಕಡೆ ಓಡುತ್ತಿತ್ತು. ಎದುರಂಗಡಿಯ ಕಾಯಿನ್ ಬೂತಿನಿಂದ ಫೋನು ಮಾಡುತ್ತಿದ್ದೆ. ಅನಂತಲಕ್ಷ್ಮಿಯವರು ಒಂದು ಸಲವೂ ಬೇಸರಿಸದೆ, ಜನರೇಟರ್ ಓಡುತ್ತಿದೆ, ಈಗಷ್ಟೇ ನೋಡಿ ಬಂದೆ ಎನ್ನುತ್ತಿದ್ದರು.

ಆಪರೇಷನ್ ದಿನ ಪೊಟ್ಟಣದ ಮೇಲಿನ ಹೆಸರು ತೋರಿಸಿ, ಯಾರದು ಹೇಳಮ್ಮ ಎಂದರು ಡಾಕ್ಟರು. ಮದುವೆಯಾದಾಗಿನಿಂದ ಬಾಯಲ್ಲಿ ಆಡದ ಹೆಸರನ್ನು, ವೀರೇಶ ಎಂದು, ಗಟ್ಟಿಯಾಗಿ ಹೇಳಿದೆ. ತಪ್ಪು ತಿಳಿಯಬೇಡಿ. ಆಮೇಲೆ ಅದನ್ನು ಹಬೆಯ ಯಂತ್ರದಲ್ಲಿಟ್ಟು, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ, ಒಳಗೆ ತೆಗೆದುಕೊಂಡು ಹೋದರು. ನೀವು ಹರಳೆಣ್ಣೆ ತಿಕ್ಕಿ ಬೆಳೆಸಿದ ತಲೆ ಈಗ ಮತ್ತೆ ದುಂಡಗಾಗಿದೆ.

ಡಾಕ್ಟರು ಮೊದಲೇ ಎಚ್ಚರಿಸಿದ್ದರು. "ಮೂಳೆ ತಲೇನ ಕಾಯುತ್ತೆ, ಅಷ್ಟೇ. ಒಳಗಡೆ ಹೋಗಿರೋದು ವಾಪಸ್ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ." ಕೇಳಿಸಿಕೊಂಡೆ, ನಂಬಲಿಲ್ಲ. ಮೂಳೆ ಬಂದರೆ ಇವರೂ ಬರುತ್ತಾರೆ ಎಂದುಕೊಂಡಿದ್ದೆ.

ಹೊಲಿಗೆ ಬಿಚ್ಚಿದ ಮೇಲೆ ಮನೆಗೆ ಕಳಿಸುತ್ತಾರೆ. ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕೈ ಇವರ ತಲೆಯ ಮೇಲಿರಲಿ.

ನಿಮ್ಮ
ಭುವನಾ

ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನೆ ಇವರಿಗೆ ಮಾತು ಬಂತು. ಗಂಜಿ ಕುಡಿಸುತ್ತಿದ್ದ ನನ್ನ ಮುಖ ನೋಡಿ, "ಆಂಟಿ, ನಮ್ಮವ್ವ ಎಲ್ಲಿ?" ಎಂದರು. ಭಾವನಿಗೆ ಹೇಳಿ, ಕಾರು ಮಾಡಿಸಿಕೊಂಡು ಬನ್ನಿ. ನೋವಾಗುತ್ತದೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಿಮ್ಮನ್ನಾದರೂ ಗುರುತು ಹಿಡಿದಾರು. ನಾನು ಯಾರೆಂದು ಆಗ ನೀವೇ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.