ನಾಲ್ಕು ಕೆಜಿ ಸುಳ್ಳು

ರೀ,

ತೂಕದ ಯಂತ್ರದ ತಿರುಪು ತಿರುಗಿಸಿ ಮುಳ್ಳನ್ನು ನಾಲ್ಕು ಕೆಜಿ ಹಿಂದಕ್ಕೆ ತಂದಿಟ್ಟಿದ್ದೀರಲ್ಲ, ಯಾರ ಕಣ್ಣಿಗೆ ಮಣ್ಣೆರಚೋದಕ್ಕೆ? ಅದರ ಮೇಲೆ ನಾನೂ ನಿಲ್ಲುತ್ತೇನೆ ಅಂತ ಹೊಳೆಯಲಿಲ್ಲವಾ?

ಹೊಟ್ಟೆ ತುಂಬ ಉಂಡರೂ ನಾಲ್ಕು ಕೆಜಿ ಇಳಿದುಬಿಟ್ಟಿದ್ದೇನಲ್ಲ, ಏನು ಕಾಯಿಲೆಯೋ ಅಂತ ಹದಿನೈದು ದಿನ ಒಳಗೊಳಗೇ ಬೆಂದುಹೋದೆ. ನೀವು ಗಾಬರಿಯಾಗುತ್ತೀರಿ ಅಂತ ಬಾಯಿಬಿಡದೆ ಲ್ಯಾಬಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ನಿನ್ನೆ ಡಾಕ್ಟರು ತಮ್ಮ ಯಂತ್ರದ ಮೇಲೆ ನಿಲ್ಲಿಸಿದರೆ ನೂರು ಗ್ರಾಂ ಕೂಡ ಇಳಿದಿರಲಿಲ್ಲ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಗೋಡೆಗೆ ಅಂಟಿಸಿದ್ದ ನಿಮ್ಮ ‘ತಿಂಗಳಿಗೆ ಹತ್ತು ಕೆಜಿ’ ಗುರಿಯ ಚೀಟಿ ಹರಿದು ಹಾಕಿದ್ದೇನೆ. ತಿಂಗಳಿಗೆ ಎರಡು ಇಳಿದರೆ ಸಾಕು. ದಿನಾ ಅರ್ಧ ಗಂಟೆ ನಡೆಯಿರಿ. ಎರಡನೇ ಸಲ ಬಡಿಸಿಕೊಳ್ಳಬೇಡಿ. ಪ್ರತಿ ಭಾನುವಾರ ನನ್ನ ಹೊಲಿಗೆ ಟೇಪಿನಲ್ಲಿ ನಿಮ್ಮ ಸೊಂಟ ಅಳೆಯುತ್ತೇನೆ. ಅದಕ್ಕೆ ತಿರುಪಿಲ್ಲ.

ಇವತ್ತಿನ ಗುರಿ ಒಂದೇ. ಲ್ಯಾಬಿನಿಂದ ನನ್ನ ರಿಪೋರ್ಟು ತನ್ನಿ. ನಡೆದೇ ಹೋಗಿ, ಸ್ಕೂಟರ್ ಕೀ ನನ್ನ ಹತ್ತಿರ ಇದೆ. ಬರುವಾಗ ಅದನ್ನು ಪೂರ್ತಿ ಓದಿ. ಯಾವ ಯಾವ ಕಾಯಿಲೆಗೆ ಹೆದರಿ ನಾನೊಬ್ಬಳೇ ಅಲ್ಲಿ ತೋಳು ಚಾಚಿ ಕೂತಿದ್ದೆ ಅಂತ ನಿಮಗೂ ಗೊತ್ತಾಗಲಿ.