ಇಪ್ಪತ್ನಾಲ್ಕು ಇಂಚಿನ ಸೀಟು

ಮೇ 4, ಭಾನುವಾರ

ಮೂರು ಬ್ಲೌಸ್ ಬಾಕಿ. ಹುಕ್ಸ್ ಹಾಕುವುದೊಂದೇ ಉಳಿದಿದೆ, ಆದರೆ ನೆಮ್ಮದಿಯಾಗಿ ಕೂರಲು ಬಿಟ್ಟರೆ ತಾನೇ. ಬೆಳಗ್ಗೆಯಿಂದ ಮನೆಯಲ್ಲಿ ಕಾರಿನದೇ ಮಾತು. ರವೀಂದ್ರ — ಈ ಪುಸ್ತಕದಲ್ಲಾದರೂ ಗಂಡನ ಹೆಸರು ಬರೆಯುತ್ತೇನೆ, ಎದುರಿಗೆ ಕರೆಯಲು ಇಪ್ಪತ್ತು ವರ್ಷದಿಂದ ಬಾಯಿ ಬಂದಿಲ್ಲ — ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೋ ಹಾಕುತ್ತಾರೆ. ಮಾವ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಾರೆ. ಇಬ್ಬರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಮಾಡಿದ ತೀರ್ಮಾನ ಇಷ್ಟೇ: ಬಣ್ಣ ಬಿಳಿ ಇರಬೇಕು.

ಯಾರಿಗೋಸ್ಕರ ಕಾರು ಅನ್ನುವುದೇ ಮರೆತುಹೋಗಿದೆ.

ಮಗಳು ಸ್ನೇಹಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಐನೂರಾ ತೊಂಬತ್ತೆರಡು. ಕೆ.ಆರ್. ಪೇಟೆಯಲ್ಲಿ ಸೈನ್ಸ್ ಓದಬೇಕಂತೆ. ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿ ಇಲ್ಲ. ಹತ್ತನೇ ಕ್ಲಾಸಿನವರೆಗೆ ಇಲ್ಲೇ ಬೂಕನಕೆರೆಯಲ್ಲಿ ನಡೆಯಿತು, ವೀಲ್‌ಚೇರ್ ತಳ್ಳಿಕೊಂಡು ಹೋಗಿ ಬಿಟ್ಟು ಬರುತ್ತಿದ್ದೆ. ಇನ್ನು ಮೇಲೆ ಅದು ಆಗಲ್ಲ. ಬಸ್ಸಿಗಂತೂ ಸಾಧ್ಯವಿಲ್ಲ. ಆಟೋ ಅಂದರೆ ಮಗುವನ್ನು ಎತ್ತಿದ ಹಾಗೆ ಎತ್ತಿ ಕೂರಿಸಬೇಕು. ಅದಕ್ಕೆ ಅವಳದು ಒಂದೇ ಷರತ್ತು. ಕಾಲೇಜಿನ ಗೇಟಿನಲ್ಲಿ ಯಾರೂ ತನ್ನನ್ನು ಎತ್ತಬಾರದು. ತಾನೇ ಹತ್ತಬೇಕು, ತಾನೇ ಇಳಿಯಬೇಕು. ಇಲ್ಲವಾದರೆ ಕಾಲೇಜೇ ಬೇಡ, ನಿನ್ನ ಜೊತೆ ಹುಕ್ಸ್ ಹಾಕಿಕೊಂಡಿರುತ್ತೇನೆ ಅಂದಳು. ಹೇಳಿದ್ದನ್ನು ಮಾಡುವ ಹುಡುಗಿ. ನನ್ನ ಭಯವೆಲ್ಲ ಅದೇ.

ಮೇ 5, ಸಂಜೆ

ಟೇಪು ಹಿಡಿದು ಕೂತೆ. ಊರಿನ ಹೆಂಗಸರ ತೋಳು ಬೆನ್ನು ಎಲ್ಲ ಅಳೆದ ಟೇಪು, ಇವತ್ತು ವೀಲ್‌ಚೇರ್ ಅಳೆಯಿತು. ದಿಂಬು ಸೇರಿ ಇಪ್ಪತ್ತೊಂದು ಇಂಚು. ಬಡಗಿ ಮಾಡಿಕೊಟ್ಟ ನುಣುಪು ಹಲಗೆ ಇದೆಯಲ್ಲ, ಕುರ್ಚಿಗೂ ಮಂಚಕ್ಕೂ ಮಧ್ಯೆ ಇಟ್ಟು, ಕೈ ಊರಿ, ಅದರ ಮೇಲೆ ಜಾರಿಕೊಂಡು ಹೋಗುತ್ತಾಳೆ. ಮಂಚದ ಮೇಲೆ ಹಾಸಿಗೆ ಮೇಲೆ ಹಾಸಿಗೆ ಪೇರಿಸಿ ನೋಡಿದೆವು. ಇಪ್ಪತ್ನಾಲ್ಕು ಇಂಚಿನವರೆಗೆ ಸಲೀಸು. ಇಪ್ಪತ್ತೈದಕ್ಕೆ ಮುಖ ಕೆಂಪಾಯಿತು. ಇಪ್ಪತ್ತಾರು... ಆಗಲ್ಲ.

ಸಣ್ಣ ಕಾರು ತೀರ ತಗ್ಗು, ಹತ್ತಿದರೂ ವಾಪಸ್ ಕುರ್ಚಿಗೆ ಏರಲಾಗದು, ಡಿಕ್ಕಿಯಲ್ಲಿ ವೀಲ್‌ಚೇರೂ ಹಿಡಿಯದು. ಜೀಪಿನಂಥದ್ದು ತೀರ ಎತ್ತರ. ಎರಡರ ಮಧ್ಯದ್ದಕ್ಕೆ ಕ್ರಾಸೋವರ್ ಅನ್ನುತ್ತಾರಂತೆ. ರವೀಂದ್ರ ದೊಡ್ಡ ಸಂಶೋಧನೆ ಮಾಡಿದವರ ಹಾಗೆ ಹೇಳಿದರು. ಎರಡು ಹಸು ಮಾರಿದ್ದು, ನನ್ನ ಚೀಟಿ ಎತ್ತಿದ್ದು ಸೇರಿ ನಾಲ್ಕೂವರೆ ಲಕ್ಷ. ಹೊಸದರ ಮಾತೇ ಇಲ್ಲ.

ಮೇ 8, ಗುರುವಾರ

ಶ್ರೀರಂಗಪಟ್ಟಣ, ಹಳೇ ಕಾರು ಮಾರುವ ಅಂಗಡಿ. ನಾನು, ಇವರು, ಮಾವ ಬಸ್ಸಿನಲ್ಲಿ. ಸ್ನೇಹಳನ್ನು ಕರೆದುಕೊಂಡು ಹೋಗೋಣ ಅಂದೆ. ಈ ಬಿಸಿಲಲ್ಲಿ ಅವಳನ್ನು ಯಾಕೆ ಅಲೆಸೋದು ಅಂದರು ಮಾವ.

ಪೇಟೆಯಲ್ಲಿ ಗ್ಯಾರೇಜ್ ಇಟ್ಟಿರುವ ವಜೀರ್ ಪಾಷಾ ನೇರ ಅಲ್ಲಿಗೇ ಬಂದಿದ್ದರು. ಕಾರು ಫಳಫಳ. ಬಿಳಿ. ಒಳಗೆ ಸೆಂಟು ಘಮಘಮ. ಇವರಿಬ್ಬರೂ ಆಗಲೇ ಮದುವೆ ಗಂಡನ್ನು ನೋಡಿದ ಹಾಗೆ ನಗುತ್ತಿದ್ದರು. ಪಾಷಾ ಮಾತಾಡದೆ ಕಾಲಡಿಯ ಕಾರ್ಪೆಟ್ ಎತ್ತಿದರು, ಸೀಟಿನ ಕೆಳಗೆ ಬೆರಳು ಹಾಕಿದರು, ಬೆರಳನ್ನು ನನಗೆ ತೋರಿಸಿದರು. ಕೆಸರು.

"ನೀರಲ್ಲಿ ಮುಳುಗಿ ಎದ್ದಿರೋ ಗಾಡಿ ಅಕ್ಕಾ. ಸೆಂಟ್ ಹೊಡ್ದಿರೋದೇ ಅದಕ್ಕೆ."

ಅಂಗಡಿಯವನು, ಹಿಂದಿನ ಮಾಲೀಕರು ಮಳೆಯಲ್ಲಿ ಗ್ಲಾಸ್ ಇಳಿಸಿದ್ದರಂತೆ, ಅಷ್ಟೇ ಅಂದ. ಒಂದು ಗ್ಲಾಸ್ ಇಳಿಸಿದ್ದಕ್ಕೆ ಕೆರೆಯೇ ಒಳಗೆ ಬಂದಿತ್ತೇನೋ. ಬಸ್ ಖರ್ಚು, ಒಂದು ದಿನದ ಹೊಲಿಗೆ, ಎಲ್ಲ ದಂಡ.

ಮೇ 11, ಭಾನುವಾರ

ಅರಕೆರೆ. ಒಬ್ಬರು ಟೀಚರಮ್ಮನ ಕಾರು. ಅವರೇ ಬಾಗಿಲು ತೆಗೆದು, ಅಳೆಯಿರಿ ಅಂದರು. ಇಪ್ಪತ್ಮೂರೂವರೆ! ಬಾಗಿಲೂ ಅಗಲ. ಪಾಷಾ ಇಂಜಿನ್ ಕೇಳಿ ಕಣ್ಣಲ್ಲೇ ತಗೊಳ್ಳಿ ಅಂದರು. ನನಗೆ ಅಲ್ಲೇ ಅಳು ಬರುವಷ್ಟು ಸಂತೋಷ.

ಮಾವ ನಂಬರ್ ಪ್ಲೇಟಿನ ಮುಂದೆ ನಿಂತು ಬೆರಳೆಣಿಸಿದರು. ಕೂಡಿದರೆ ಎಂಟು. ಶನಿಯ ಸಂಖ್ಯೆ, ಬೇಡ. ಮುಗಿಯಿತು. ರವೀಂದ್ರ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತೆಂಗಿನ ಮರ ನೋಡಿದರು. ನಾನು? ನಾನು ಟೇಪು ಸುತ್ತಿ ಬ್ಯಾಗಿಗೆ ಹಾಕಿದೆ.

ಮೇ 13

ನಿನ್ನೆ ರಾತ್ರಿ ಇವರನ್ನು ಒಪ್ಪಿಸಿದೆ, ಇವತ್ತು ಟೀಚರಮ್ಮನಿಗೆ ಫೋನ್ ಮಾಡಿದರು. ಮಾರಿಹೋಗಿದೆ. ಯಾರಿಗೋ ಎಂಟು ಕೂಡಿಬಂದಿದೆ. ಸ್ನೇಹ ಅಡ್ಮಿಷನ್ ಫಾರಂ ತುಂಬಿ ಇಟ್ಟುಕೊಂಡಿದ್ದಾಳೆ, ಕೊಟ್ಟಿಲ್ಲ. ಕಾರು ಬಂದ ಮೇಲೆ ಕೊಡುತ್ತಾಳಂತೆ. ಕೊನೆ ದಿನ ಮೂವತ್ತೊಂದು.

ಮೇ 18, ಭಾನುವಾರ

ಸಿಟ್ಟಿಗೆ ಪೆನ್ನಿನ ಮೊನೆ ಹಾಳೆ ಹರಿಯಿತು.

ಸಿಂಧಘಟ್ಟಕ್ಕೆ ಹೋಗಿದ್ದೆವು, ಕರಿಯಯ್ಯನವರ ಮನೆಗೆ. ಮಾವನೂ ಅವರೂ ಒಂದು ಕಾಲದಲ್ಲಿ ಜಾತ್ರೆ ಜಾತ್ರೆ ತಿರುಗಿ ಎತ್ತು ವ್ಯಾಪಾರ ಮಾಡಿದವರು. ಪಾಷಾ ಬೇಕಿಲ್ಲ ಅಂದರು ಮಾವ, ಕರಿಯಯ್ಯ ಸುಳ್ಳು ಹೇಳೋ ಮನುಷ್ಯನಲ್ಲವಂತೆ. ಕಾರು ಬಿಳಿ, ದೊಡ್ಡದು. ಮಾವ ಅದರ ಸುತ್ತ ಎರಡು ಸುತ್ತು ಬಂದು ಬಾನೆಟ್ ತಟ್ಟಿದರು. ಎತ್ತಿನ ಭುಜ ತಟ್ಟುವುದು ಹೀಗೆಯೇ.

ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ಕಾಫಿ ಬರಲಿ, ಕುಡಿದ ಮೇಲೆ ಅಳೆಯೋಣ ಅಂದುಕೊಂಡೆ. ಅಷ್ಟರಲ್ಲಿ ಕರಿಯಯ್ಯ ಹೆಗಲ ಮೇಲಿನ ಟವೆಲ್ ತೆಗೆದರು. ಇಬ್ಬರೂ ಅದರ ಮರೆಯಲ್ಲಿ ಕೈ ಹಾಕಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದರು. ಜಾತ್ರೆಯಲ್ಲಿ ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದು ಅಂತ ಹಾಗೆ ಮಾಡುತ್ತಾರೆ. ಇಲ್ಲಿ ಸುತ್ತ ನಿಂತಿದ್ದವರು ಯಾರು? ನಾನು, ಇವರು, ಒಂದು ಕೋಳಿ. ತಮಾಷೆಗೆ ಅಂದುಕೊಂಡೆ.

"ಒಪ್ದಾ ಸಿದ್ದಣ್ಣ?"

"ಒಪ್ದೆ ಬುಡು."

ಒಳಗಿನಿಂದ ತಟ್ಟೆ ಬಂತು. ಎಲೆ, ಅಡಿಕೆ, ಎರಡು ಬಾಳೆಹಣ್ಣು. ಮಾವ ಎರಡೂ ಕೈ ಚಾಚಿ ತೆಗೆದುಕೊಂಡರು. ಎಲೆ ಅಡಿಕೆ ಹಿಡಿದ ಮೇಲೆ ಮಾತು ಮುಗಿದ ಹಾಗೆ, ಹೆಣ್ಣು ಕೊಟ್ಟಷ್ಟೇ ಗಟ್ಟಿ. ಇವರು ಅಡ್ವಾನ್ಸ್ ಐವತ್ತು ಸಾವಿರ ಎಣಿಸಿ ಕೊಟ್ಟರು.

ಟೇಪು ನನ್ನ ಬ್ಯಾಗಿನಲ್ಲೇ ಇತ್ತು. ಕೈ ಬ್ಯಾಗಿನ ಜಿಪ್ಪಿನ ಮೇಲೆಯೇ ಇತ್ತು. ದೊಡ್ಡವರ ಮಧ್ಯೆ, ಪರರ ಮನೆಯಲ್ಲಿ, ಸೊಸೆ ಬಾಯಿ ಹಾಕುವುದು ಹೇಗೆ ಅಂತ ನಿಂತೆ. ಈ ಪುಸ್ತಕದಲ್ಲಿ ನೋಡಿದರೆ ನನ್ನಷ್ಟು ಬಾಯಿ ಯಾರಿಗೂ ಇಲ್ಲ.

ಮೇ 21, ಬುಧವಾರ

ಕಾರು ಬಂತು. ಪೇಪರ್ ಆಮೇಲೆ, ಗಾಡಿ ತಗೊಂಡು ಹೋಗಿ ಅಂದರಂತೆ ಕರಿಯಯ್ಯ. ಕುಂಕುಮ, ನಿಂಬೆಹಣ್ಣು, ಆರತಿ. ನಂಬರ್ ಕೂಡಿದರೆ ಐದಂತೆ. ಮಾವನ ಮುಖ ನೋಡಬೇಕಿತ್ತು.

ಆರತಿ ತಟ್ಟೆ ಒಳಗಿಟ್ಟು ಬಂದು ಸೀಟು ಅಳೆದೆ. ಇಪ್ಪತ್ತೆಂಟೂವರೆ. ಬೇಡ ಕಣೆ ಅಂದೆ. ಒಂದು ಸಲ ನೋಡ್ತೀನಿ ಅಂದಳು ಸ್ನೇಹ. ಹಲಗೆ ಏಣಿಯ ಹಾಗೆ ಓರೆಯಾಗಿ ನಿಂತಿತ್ತು. ಬಾಗಿಲ ಮೇಲಿನ ಹಿಡಿ ಹಿಡಿದು ಅರ್ಧ ಏರಿದಳು, ತೋಳು ನಡುಗಿತು, ಹಲಗೆ ಜಾರಿತು. ನಾನು ಹಿಡಿಯುವಷ್ಟರಲ್ಲಿ ಕೆಳಗಿದ್ದಳು. ಮೊಣಕೈ ತರಚಿತು. ಅಳಲಿಲ್ಲ. ನೆಲದ ಮೇಲೆ ಕೂತು ನನ್ನನ್ನೇ ನೋಡಿದಳು.

"ಟೇಪ್ ತಗೊಂಡೋಗಿದ್ದೆ ತಾನೆ ಅಮ್ಮ?"

ಮಾವ ಓಡಿ ಬಂದು ಎತ್ತಲು ಬಗ್ಗಿದರು. "ನಾನಿರೋಗಂಟ ನಾನೇ ಎತ್ತಿ ಕೂರುಸ್ತೀನಿ ಬುಡವ್ವ."

"ಅದು ಬ್ಯಾಡ ಅಂತ ತಾನೆ ತಾತ ಕಾರ್ ನೋಡಕೆ ಹೊಂಟಿದ್ದು."

ಮಾವ ಬಗ್ಗಿದವರು ಜಾರಿದ ಹಲಗೆ ಎತ್ತಿ ಗೋಡೆಗೆ ಒರಗಿಸಿದರು. ಆಮೇಲೆ ಒಳಗೆ ಹೋದರು. ಅಡ್ಮಿಷನ್ ಫಾರಂ ಸಂಜೆ ನನ್ನ ಹೊಲಿಗೆ ಮಿಷನ್ ಮೇಲಿತ್ತು. ಪಕ್ಕದಲ್ಲಿ ಹುಕ್ಸಿನ ಡಬ್ಬಿ.

ನನಗೆ ನಾಚಿಕೆಯಾಗುತ್ತಿದೆ. ಇವರ ಮೇಲಿನ ಸಿಟ್ಟೆಲ್ಲ ಇಳಿದು ನನ್ನ ಮೇಲೆ ಕೂತಿದೆ.

ಮೇ 27, ಮಂಗಳವಾರ

ಐದು ದಿನ ಕಾರು ಅಂಗಳದಲ್ಲಿ ನಿಂತಿತ್ತು, ಅದರ ಮೇಲೆ ಕೋಳಿ ಹತ್ತಿ ಕೂರುತ್ತಿತ್ತು. ವಾಪಸ್ ಕೊಡೋಣ ಅಂದರೆ ರವೀಂದ್ರ, ಅಪ್ಪ ಎಲೆ ಅಡಿಕೆ ಹಿಡಿದವರು, ಸಾಯೋ ತನಕ ಅವರು ಆ ಊರಿಗೆ ಮುಖ ತೋರಿಸಬೇಡವಾ ಅಂದರು. ಇವತ್ತು ಬೆಳಗ್ಗೆ ಮಾವನೇ ಬಿಳಿ ಪಂಚೆ ಉಟ್ಟು, ಗಾಡಿ ತೆಗಿ ಅಂದರು. ನಾನೂ ಹತ್ತಿದೆ. ಯಾರೂ ಕರೆದಿರಲಿಲ್ಲ.

ಕರಿಯಯ್ಯ ಜಗಲಿಯಿಂದ ಏಳಲಿಲ್ಲ. "ಎಲೆ ಅಡ್ಕೆ ಈಸ್ಕಂಡ್ ಮ್ಯಾಲೆ ಹಿಂದುಕ್ಕೆ ತಂದವ್ರ ನಾನ್ ನೋಡಿಲ್ಲ ಕಣ್ ಸಿದ್ದಣ್ಣ." ಮಾವ ತಲೆ ತಗ್ಗಿಸಿದರು. ಎಪ್ಪತ್ತೆರಡು ವರ್ಷದ ಮನುಷ್ಯ. ನನಗೆ ಅದನ್ನು ನೋಡಲಾಗಲಿಲ್ಲ. ಹೇಗೆ ಬಾಯಿ ಬಂತೋ ಗೊತ್ತಿಲ್ಲ.

"ತಪ್ಪು ಅವರ್ದಲ್ಲ, ನಂದು. ತಟ್ಟೆ ಬಂದಾಗ ಟೇಪು ನನ್ ಬ್ಯಾಗಲ್ಲಿತ್ತು. ಅಳೀನಿಲ್ಲ. ನನ್ ಮಗಳು ಬಿದ್ಬುಟ್ಲು."

ಎಲ್ಲ ಹೇಳಿದೆ. ಕುರ್ಚಿ, ಹಲಗೆ, ಇಂಚು, ಕಾಲೇಜಿನ ಗೇಟು. ಕರಿಯಯ್ಯ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು.

"ಅವತ್ತೇ ಅಳ್ದಿದ್ರೆ ಯಾರ್ ಬ್ಯಾಡ ಅಂತಿದ್ರವ್ವ?"

ಯಾರು ಅಂತಿದ್ದರು? ದಾರಿಯುದ್ದಕ್ಕೂ ಯೋಚಿಸಿದೆ. ಯಾರೂ ಇಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಡ್ವಾನ್ಸಿನಲ್ಲಿ ಹತ್ತು ಸಾವಿರ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಬೂಕನಕೆರೆಯಲ್ಲಿ ಬಸ್ ಇಳಿಯುವಾಗ ಮಾವ ಇವರಿಗೆ, ಮುಂದಿನ ಕಾರನ್ನು ಮಗುವೇ ನೋಡಲಿ, ನಾವು ಸುಮ್ಮನೆ ಹಿಂದೆ ನಿಂತಿರೋಣ ಅಂದರು.

ಮೇ 30, ಶುಕ್ರವಾರ

ನಾಗಮಂಗಲ. ಪಾಷಾ ಪತ್ತೆ ಮಾಡಿದ ಕಾರು. ಸ್ನೇಹಳನ್ನೂ ಕುರ್ಚಿಯನ್ನೂ ಅವರ ವ್ಯಾನಿನಲ್ಲೇ ಕರೆದುಕೊಂಡು ಹೋದೆವು, ಇದೇ ಕೊನೇ ಸಲ ಎತ್ತುಸ್ಕೊಳ್ಳೋದು ಅಂದಳು ವ್ಯಾನ್ ಹತ್ತಿಸುವಾಗ.

ಒಣಮೆಣಸಿನಕಾಯಿ ಬಣ್ಣ. ಎಡಗಡೆ ಬಾಗಿಲ ಕೆಳಗೆ ಉದ್ದಕ್ಕೆ ಗೀರು. ಎರಡು ಟೈರ್ ಸವೆದಿವೆ, ಕ್ಲಚ್ ಒಂದು ವರ್ಷ ಬಂದರೆ ಹೆಚ್ಚು ಅಂದರು ಪಾಷಾ, ಆದರೆ ಇಂಜಿನ್ ಒಳ್ಳೆಯದು, ನೀರು ಕಂಡಿಲ್ಲ. ಸೀಟು ಇಪ್ಪತ್ನಾಲ್ಕು ಇಂಚು, ಒಂದು ನೂಲು ಹೆಚ್ಚಿರಬಹುದು. ಮಾಲೀಕನ ಮುಂದೆಯೇ ಮೂರು ಸಲ ಅಳೆದೆ, ನೋಡಿಕೊಳ್ಳಲಿ ಅಂತ.

ಸ್ನೇಹ ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು. ಮೂರನೇ ಸಲ ಒಳಗೇ ಕೂತು, ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ ಅಂಕಲ್, ಇಲ್ಲದಿದ್ದರೆ ಇಳಿಯಲ್ಲ ಅಂದಳು. ಆ ಮನುಷ್ಯ ನಕ್ಕು ಕಳೆದ. ಮಾವ ನಂಬರ್ ಪ್ಲೇಟಿನ ಮುಂದೆ ನಿಂತು ತುಟಿ ಆಡಿಸುತ್ತಿದ್ದರು. ಎಷ್ಟು ಬಂತೋ. ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರುವ ದಾರಿಯಲ್ಲೇ ಪೇಟೆಯಲ್ಲಿ ನಿಲ್ಲಿಸಿ ಫಾರಂ ಕೊಟ್ಟೆವು.

ಜೂನ್ 9, ಸೋಮವಾರ, ಬೆಳಗ್ಗೆ 8.20

ಮೊದಲನೇ ದಿನ. ಯಾರೂ ಹೊರಗೆ ಬರಬೇಡಿ ಅಂತ ಅಪ್ಪಣೆಯಾಗಿದೆ. ನಾಗಮಂಗಲದಲ್ಲಿ ಎಲ್ಲರೂ ಸುತ್ತ ನಿಂತು ನೋಡಿದ್ದು ಅವಳಿಗೆ ಹಿಡಿಸಿಲ್ಲ. ಕಾರು ಓಡಿಸಲು ಹಾಲಿನ ಡೈರಿಯಿಂದ ಬೇಗ ಬಂದ ರವೀಂದ್ರ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಾರೆ. ಮಾವ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಎರಡನೇ ಸಲ ಕಾಲು ತೊಳೆಯುತ್ತಿದ್ದಾರೆ. ನಾನು ಬರೆಯುತ್ತಿದ್ದೇನೆ, ಕೈ ಸುಮ್ಮನಿದ್ದರೆ ಕಾಲು ಓಡುತ್ತದೆ.

ಕುರ್ಚಿಯ ಬ್ರೇಕ್ ಹಾಕಿದಳು. ಕಾರಿನ ಬಾಗಿಲು ತೆಗೆದಳು. ಹಲಗೆ ಇಟ್ಟ ಸದ್ದು. ಈಗ ಏನೂ ಕೇಳುತ್ತಿಲ್ಲ... ಇನ್ನೂ ಇಲ್ಲ. ಇಷ್ಟು ಹೊತ್ತು ಬೇಕೇ. ಏಳಬೇಕು ಅನ್ನಿಸುತ್ತಿದೆ. ಏಳಲ್ಲ.

ಬಾಗಿಲು. ಎಷ್ಟು ಜೋರಾಗಿ ಹಾಕಿದಳು! ಮಾವ ನಲ್ಲಿ ನಿಲ್ಲಿಸಿದರು.

ಹಾರ್ನ್ ಹೊಡೆಯುತ್ತಿದ್ದಾಳೆ. ಪಕ್ಕದ ಸೀಟಿನಿಂದ ಬಗ್ಗಿ, ಬಿಡದೆ. ಹೊತ್ತಾಯಿತಂತೆ, ಕುರ್ಚಿ ಡಿಕ್ಕಿಗೆ ಹಾಕೋರು ಯಾರಂತೆ, ಎಲ್ಲರೂ ನಿದ್ದೆ ಮಾಡ್ತಿದೀರಾ ಅಂತೆ. ಬಂದೆ ಕಣೆ, ಬಂ